ಲಕ್ಕಣ್ಣ ದಂಡೇಶನ ಹಡಗು ಮತ್ತು ಕಡತ

ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯ ಮುಂದೆ ಬೆಳಗಿನ ಹೊತ್ತು ನಿಂತರೆ ಕಲ್ಲಿನ ಮೆರವಣಿಗೆಯೊಂದು ಸಾಲು ಸಾಲಾಗಿ ಸಾಗುತ್ತದೆ. ಕೆಳಗೆ ಆನೆಗಳು, ಅದರ ಮೇಲೆ ಕುದುರೆಗಳು, ಆಮೇಲೆ ಕಾಲಾಳುಗಳು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಕುದುರೆಯ ಲಗಾಮು ಹಿಡಿದವರಲ್ಲಿ ಕೆಲವರ ಉಡುಪು ನಮ್ಮ ಸೀಮೆಯದಲ್ಲ. ಪ್ರವಾಸಿಗರನ್ನು ಕರೆತರುವ ಗೈಡುಗಳು “ಇವು ಅರಬ್ಬಿ ಕುದುರೆ ರೀ, ಹಡಗಿನಾಗ ಬಂದಿದ್ವು” ಎಂದು ಒಂದು ಮಾತು ಹೇಳಿ ಮುಂದಿನ ಶಿಲ್ಪಕ್ಕೆ ನಡೆಯುತ್ತಾರೆ. ಹೊಸಪೇಟೆಯಲ್ಲಿ ಬೆಳೆದ ನನಗೆ ಈ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿದೆ, ಅಷ್ಟೇ ಸಲ ಜಾರಿಹೋಗಿದೆ. ಕುದುರೆ ಹಡಗಿನಲ್ಲಿ ಬಂತು ಎಂದಾದರೆ ಆ ಹಡಗನ್ನು ಯಾರು ನೋಡಿಕೊಂಡರು? ಬಂದರನ್ನು ಯಾರು ಕಾದರು? ಕಡಲಿನಿಂದ ಇಷ್ಟು ದೂರದ ಬಂಡೆಗಳ ನಡುವೆ ಕುಳಿತು ಅದೆಲ್ಲವನ್ನೂ ಲೆಕ್ಕ ಹಾಕಿದವರು ಯಾರು? ಗೋಡೆಯ ಮೇಲೆ ಕುದುರೆ ಇದೆ, ಹಡಗು ಇಲ್ಲ. ನಮ್ಮ ನೆನಪಿನಲ್ಲೂ ಇಲ್ಲ.

ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಒಬ್ಬ ಮನುಷ್ಯ ಎದುರಾಗುತ್ತಾನೆ. ಪ್ರೌಢದೇವರಾಯನೆಂದು ನಾವು ಕರೆಯುವ ಇಮ್ಮಡಿ ದೇವರಾಯನ ಕಾಲದ ಲಕ್ಕಣ್ಣ ದಂಡೇಶ. ದೇವರಾಯನ ಆಳ್ವಿಕೆ ಮುಗಿದದ್ದು 1446ರಲ್ಲಿ. ಅದಕ್ಕೂ ಹಿಂದಿನ ಸುಮಾರು ಎರಡು ದಶಕಗಳಲ್ಲಿ ಈ ಮನುಷ್ಯ ಮುಳಬಾಗಿಲ ಕಡೆ ನಾಡನ್ನಾಳಿದ, ಮಧುರೆಯವರೆಗೆ ಅಧಿಕಾರ ಹಿಡಿದ, ದಕ್ಷಿಣ ಸಮುದ್ರಕ್ಕೆ ಒಡೆಯನೆಂಬ ಬಿರುದು ಹೊತ್ತ, ರಾಜಧಾನಿಯ ಆಡಳಿತದ ತಲೆಯಾಳಾದ. ಈ ಎಲ್ಲದರ ನಡುವೆ ‘ಶಿವತತ್ತ್ವ ಚಿಂತಾಮಣಿ’ ಎಂಬ ದೊಡ್ಡ ಕನ್ನಡ ಗ್ರಂಥವನ್ನು ಷಟ್ಪದಿಯಲ್ಲಿ ಬರೆದ. ಕಡಲ ದಂಡಯಾತ್ರೆ, ರಾಜ್ಯರಕ್ಷಣೆಯ ಹೊಣೆ, ವಿದ್ವತ್ತು, ಈ ಮೂರೂ ಒಬ್ಬನಲ್ಲಿ ಸೇರಿದ ಉದಾಹರಣೆ ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ನಮ್ಮಲ್ಲಿ ಇದ್ದಾನೆ. ಆದರೆ ನಾವು ಅವನನ್ನು ಮೂರು ಪಾಲು ಮಾಡಿಬಿಟ್ಟಿದ್ದೇವೆ. ಶಾಸನ ಓದುವವರಿಗೆ ಅವನು ದಂಡನಾಯಕ. ಸಾಹಿತ್ಯ ಚರಿತ್ರೆ ಬರೆಯುವವರಿಗೆ ವೀರಶೈವ ಕವಿ. ನಾಣ್ಯ ಸಂಗ್ರಹಿಸುವವರಿಗೆ ಆನೆಯ ಚಿತ್ರದ ಒಂದು ತಾಮ್ರದ ತುಣುಕು. ಈ ಮೂರು ಪಾಲನ್ನು ಮತ್ತೆ ಒಂದುಗೂಡಿಸದ ಹೊರತು ವಿಜಯನಗರ ಹೇಗೆ ನಡೆಯಿತು ಎಂಬುದು ನಮಗೆ ಅರ್ಥವಾಗುವುದಿಲ್ಲ. ನನ್ನ ವಾದ ಇದು.

ಮೊದಲು ಕಡಲಿನ ಮಾತು. ಹಂಪಿಯಲ್ಲಿ ಕಡಲು ಯಾಕೆ ಬರಬೇಕು ಎನ್ನುವವರು ಕಂಪ್ಲಿಗೆ ಹೋಗಬೇಕು. ಹೊಳೆಯ ದಂಡೆಯ ಆ ಊರಿನ ಕೋಟೆಯ ಪಳೆಯುಳಿಕೆಗಳ ನಡುವೆ ನಿಂತರೆ ವಿಜಯನಗರದ ಹಿಂದಿನ ಅಧ್ಯಾಯ ಕಣ್ಣಿಗೆ ಕಟ್ಟುತ್ತದೆ. ಕಂಪಿಲರಾಯ ಹೇಡಿಯಲ್ಲ. ಅವನ ಮಗ ಕುಮಾರರಾಮನ ಶೌರ್ಯವನ್ನು ನಮ್ಮ ಜನ ಇಂದಿಗೂ ಹಾಡಿಕೊಂಡು ಬಂದಿದ್ದಾರೆ. ಹಾಗಿದ್ದೂ 1327ರ ಸುಮಾರಿಗೆ ದೆಹಲಿಯ ಸೈನ್ಯದ ಮುಂದೆ ಆ ರಾಜ್ಯ ಉಳಿಯಲಿಲ್ಲ. ಕೋಟೆ ಇತ್ತು, ಎದೆಗಾರಿಕೆ ಇತ್ತು, ಆಶ್ರಯ ಬೇಡಿ ಬಂದವನನ್ನು ಬಿಟ್ಟುಕೊಡದ ಹಠ ಇತ್ತು. ಇಲ್ಲದಿದ್ದದ್ದು ಬಂದರು. ಒಳ್ಳೆಯ ಯುದ್ಧದ ಕುದುರೆ ದಖ್ಖನಿನ ಹವೆಯಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಅದು ಅರಬ್ ದೇಶಗಳಿಂದ, ಪರ್ಷಿಯಾದ ಕಡೆಯಿಂದ ಹಡಗಿನಲ್ಲೇ ಬರಬೇಕು. ಕಡಲ ಬಾಗಿಲು ಕೈಯಲ್ಲಿಲ್ಲದ ರಾಜ್ಯ ಕುದುರೆಗೆ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ.

ಕಂಪ್ಲಿಯ ಬೂದಿಯ ಮೇಲೆ ಎದ್ದು ವಿಜಯನಗರ ಕಟ್ಟಿದ ಸಂಗಮ ವಂಶದವರಿಗೆ ಈ ಪಾಠ ಬೇಗ ಹತ್ತಿತ್ತು. ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಅಲ್ಲಿನ ಸುಲ್ತಾನ ಜಮಾಲುದ್ದೀನ್ ಹರ್ಯಬ್ ಎಂಬ ದೊರೆಗೆ ಅಧೀನನಾಗಿದ್ದನೆಂದು ಬರೆದಿದ್ದಾನೆ. ಆ ಹರ್ಯಬ್ ನಮ್ಮ ಹರಿಹರನೇ. ಕಂಪ್ಲಿ ಬಿದ್ದು ಇನ್ನೂ ಇಪ್ಪತ್ತು ವರ್ಷ ಕಳೆದಿರಲಿಲ್ಲ, ರಾಜಧಾನಿಯ ಗೋಡೆಗಳು ಇನ್ನೂ ಪೂರ್ತಿ ಎದ್ದಿರಲಿಲ್ಲ, ಅಷ್ಟರಲ್ಲಿ ಹೊನ್ನಾವರ ಅವರ ಮಾತು ಕೇಳುತ್ತಿತ್ತು. ಹರಿಹರನ ಶಾಸನದಲ್ಲೇ ಪೂರ್ವ ಪಶ್ಚಿಮ ಸಮುದ್ರಗಳ ಒಡೆಯನೆಂಬ ಬಿರುದು ಬರುತ್ತದೆ. ಕಂಪ್ಲಿಗೂ ವಿಜಯನಗರಕ್ಕೂ ನಡುವೆ ಇರುವ ವ್ಯತ್ಯಾಸ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಎರಡೂ ಒಂದೇ ಹೊಳೆಯ ದಂಡೆಯವು, ಎರಡೂ ಬಂಡೆಗಳನ್ನು ನಂಬಿದವು. ಒಂದು ಮಾತ್ರ ಘಟ್ಟದ ಕೆಳಗಿನ ನೀರಿನತ್ತ ನೋಡಿತು.

ಈ ನೋಟವನ್ನು ಅದರ ತುದಿಯವರೆಗೆ ಒಯ್ದವನು ಲಕ್ಕಣ್ಣ. 1438ರ ಹೊತ್ತಿಗೆ ತಮಿಳು ನಾಡಿನ ದಕ್ಷಿಣ ಭಾಗದ ಶಾಸನಗಳಲ್ಲಿ ಅವನು ದಕ್ಷಿಣ ಸಮುದ್ರದ ಅಧಿಪತಿಯಾಗಿ ಕಾಣಿಸಿಕೊಳ್ಳುತ್ತಾನೆ. ಮಧುರೆಯನ್ನು ಆಳಿದವರ ಹಳೆಯ ಪಟ್ಟಿಗಳಲ್ಲಿ ಲಕ್ಕಣ್ಣ, ಮಾದಣ್ಣ ಎಂಬ ಸೋದರರ ಹೆಸರು ಜೋಡಿಯಾಗಿ ಉಳಿದಿದೆ. ಮುಂದೆ ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜ್, ದೇವರಾಯನಿಗೆ ಕೊಲ್ಲಂ, ಸಿಂಹಳ, ಪಳವೇರ್ಕಾಡು, ಪೆಗು, ತೆನಸ್ಸೆರಿಮ್‌ಗಳಿಂದ ಕಪ್ಪ ಬರುತ್ತಿತ್ತೆಂದು ಬರೆದ. ಪೆಗು, ತೆನಸ್ಸೆರಿಮ್ ಎಂದರೆ ಇಂದಿನ ಮ್ಯಾನ್ಮಾರಿನ ತೀರ. ನೂನಿಜ್ ಬರೆದದ್ದು ನೂರು ವರ್ಷದ ಮೇಲೆ, ಕೇಳಿದ ಕಥೆಗಳನ್ನು ನಂಬಿ. ಅಷ್ಟೂ ಕಪ್ಪ ನಿಜವಾಗಿ ಬಂತೆಂದು ನಾನು ಒಪ್ಪುವುದಿಲ್ಲ. ಬಂದರುಗಳ ನಡುವಿನ ಉಡುಗೊರೆಯ ವ್ಯವಹಾರವನ್ನು ಅರಮನೆಯ ಭಾಷೆ ಕಪ್ಪವೆಂದು ಕರೆದಿರಬಹುದು. ಆದರೆ ನೂರು ವರ್ಷದ ಮೇಲೂ ರಾಜಧಾನಿಯ ಜನರ ಬಾಯಲ್ಲಿ ಆ ಊರುಗಳ ಹೆಸರು ಉಳಿದಿದ್ದವು ಎಂಬುದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಲೇಬೇಕು. ವಿಜಯನಗರಕ್ಕೆ ನೌಕಾಪಡೆಯೇ ಇರಲಿಲ್ಲ, ಕರಾವಳಿಯ ಪಾಳೆಯಗಾರರ ಮತ್ತು ವರ್ತಕರ ಹಡಗುಗಳನ್ನೇ ಅದು ನೆಚ್ಚಿಕೊಂಡಿತ್ತು, ಸಮುದ್ರಾಧಿಪತಿ ಎಂಬುದು ಬರೀ ಹೊಗಳುಭಟರ ಬಿರುದು ಎಂಬ ಮಾತಿದೆ. ಮೊದಲರ್ಧವನ್ನು ಒಪ್ಪುತ್ತೇನೆ. ಅರಸನೇ ಕಟ್ಟಿಸಿ, ಸಂಬಳ ಕೊಟ್ಟು, ವರ್ಷವಿಡೀ ಇಟ್ಟುಕೊಂಡ ಹಡಗುಪಡೆಗೆ ಆಧಾರ ಸಾಲದು. ಆದರೆ ಆ ಕಾಲದ ಲೋಕದಲ್ಲಿ ಅಂಥ ಪಡೆ ಇದ್ದದ್ದಾದರೂ ಎಷ್ಟು ಕಡೆ? ಕಾಲಾಳುಗಳನ್ನೂ ನಾಯಕರಿಂದಲೇ ಒಟ್ಟುಗೂಡಿಸುತ್ತಿದ್ದ ರಾಜ್ಯ ಹಡಗುಗಳನ್ನೂ ಹಾಗೇ ಒಟ್ಟುಗೂಡಿಸಿತು. ಹಡಗು ಯಾರದು ಎಂಬುದಕ್ಕಿಂತ, ಹಡಗನ್ನು ಯಾವಾಗ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬುದು ದೊಡ್ಡದು.

ಎರಡನೆಯ ಅರ್ಧವನ್ನು ಒಪ್ಪಲಾರೆ. ಸಮುದ್ರಾಧೀಶ್ವರ ಎಂಬುದು ಅರಸರ ಬಿರುದು. ಅರಸರ ಬಿರುದುಗಳಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ. ಅದೇ ಬಿರುದಿನ ಒಂದು ಪಾಲನ್ನು ಕೆಳಗಿನ ಅಧಿಕಾರಿಯೊಬ್ಬ ಕಲ್ಲಿನಲ್ಲಿ ಬರೆಸಿಕೊಂಡರೆ ಅದರ ತೂಕವೇ ಬೇರೆ. ಅರಸನ ಒಪ್ಪಿಗೆ ಇಲ್ಲದೆ ಅಂಥದ್ದನ್ನು ಬರೆಸಿದವನ ತಲೆ ನಿಲ್ಲುತ್ತಿರಲಿಲ್ಲ. ಮೂರು ದಿಕ್ಕಿನ ಕಡಲಲ್ಲಿ ಒಂದನ್ನು, ಅದೂ ದಕ್ಷಿಣದ್ದನ್ನು ಮಾತ್ರ, ಅವನ ಹೆಸರಿಗೆ ಹಚ್ಚಿದ್ದು ನನಗೆ ಹೊಗಳಿಕೆಯಂತೆ ಕಾಣುವುದಿಲ್ಲ. ಹೊಣೆ ಹಂಚಿಕೊಟ್ಟ ಆಜ್ಞೆಯಂತೆ ಕಾಣುತ್ತದೆ. ಜೊತೆಗೆ ನಾಣ್ಯದ ಸಾಕ್ಷಿ ಇದೆ. ಒಂದು ಕಡೆ ಆನೆ, ಅದರ ಮೇಲೆ ಕನ್ನಡದ ‘ಲ’ ಅಕ್ಷರ, ಇನ್ನೊಂದು ಕಡೆ ದಣಾಯಕರು ಎಂದು ಮುಗಿಯುವ ಬರಹ. ಈ ಸಣ್ಣ ತಾಮ್ರದ ನಾಣ್ಯಗಳನ್ನು ವಿದ್ವಾಂಸರು ಲಕ್ಕಣ್ಣನದೆಂದು ಗುರುತಿಸಿದ್ದಾರೆ. ಆನೆ ಗಜಬೇಂಟೆಕಾರನೆಂಬ ಬಿರುದಿನ ದೇವರಾಯನ ಗುರುತು. ಅರಸನ ಆನೆಯ ಬೆನ್ನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಟಂಕಿಸುವಷ್ಟು ಅಧಿಕಾರ ಪಡೆದವನ ಬಿರುದನ್ನು ಬರೀ ಬಾಯುಪಚಾರ ಎನ್ನಲಾಗದು.

ಇನ್ನೊಬ್ಬ ಸಾಕ್ಷಿ ಹೊರಗಿನವನು. ಹೆರಾತಿನ ರಾಯಭಾರಿ ಅಬ್ದುರ್ ರಜಾಕ್. ಅವನು 1442ರ ಕೊನೆಗೆ ಕಲ್ಲಿಕೋಟೆಯಲ್ಲಿದ್ದಾಗ ವಿಜಯನಗರದಿಂದ ಅಲ್ಲಿನ ದೊರೆ ಸಾಮೂತಿರಿಗೆ ಹೇಳಿಕಳಿಸಿದರು, ಆ ರಾಯಭಾರಿಯನ್ನು ಇತ್ತ ಕಳಿಸಿ ಎಂದು. ಸಾಮೂತಿರಿ ವಿಜಯನಗರದ ಅಧೀನನಲ್ಲ, ಆದರೂ ಅಂಜುತ್ತಿದ್ದನೆಂದು ರಜಾಕ್ ಬರೆಯುತ್ತಾನೆ. ಹಡಗಿನಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, ಬೇಲೂರಿನ ಮೇಲಿಂದ ಅವನು ರಾಜಧಾನಿ ಮುಟ್ಟಿದ್ದು 1443ರ ಏಪ್ರಿಲ್ ಕೊನೆಗೆ. ಆ ರಾಜ್ಯದಲ್ಲಿ ಕಲ್ಲಿಕೋಟೆಯಷ್ಟು ದೊಡ್ಡ ಮುನ್ನೂರು ಬಂದರುಗಳಿವೆ ಎಂದದ್ದೂ ಅವನೇ. ಲೆಕ್ಕ ಉಬ್ಬಿಸಿದ್ದಾನೆ, ಸರಿ. ಆದರೆ ಕಡಲಿಂದ ಬಂದ ಮನುಷ್ಯನಿಗೆ ಮೊದಲು ಕಂಡದ್ದು ಈ ರಾಜ್ಯದ ಬಂದರುಗಳು. ನಮಗೆ ಕಾಣುವುದು ಬಂಡೆಗಳು.

ರಜಾಕ್ ಹೇಳುವ ಒಂದು ಘಟನೆ ಇಲ್ಲಿ ಮುಖ್ಯ. ಅವನು ಕಲ್ಲಿಕೋಟೆಯಲ್ಲಿದ್ದ ದಿನಗಳಲ್ಲೇ ದೇವರಾಯನ ಸೋದರನೊಬ್ಬ ಹೊಸ ಮನೆ ಕಟ್ಟಿಸಿ, ಊಟಕ್ಕೆಂದು ದೊಡ್ಡವರನ್ನೆಲ್ಲ ಕರೆಸಿ, ವಾದ್ಯದ ಗದ್ದಲದ ನಡುವೆ ಒಬ್ಬೊಬ್ಬರನ್ನೇ ಒಳಗೆ ಕರೆದು ಕೊಲ್ಲಿಸಿದ. ಆಮೇಲೆ ಅರಸನ ಮೇಲೇ ಕಠಾರಿ ಎತ್ತಿದ. ಗಾಯಗೊಂಡ ದೇವರಾಯ ಬದುಕಿಕೊಂಡ. ಆ ಹೊತ್ತಿಗೆ ದಣ್ಣಾಯಕ, ಎಂದರೆ ದಂಡನಾಯಕ, ರಾಜಧಾನಿಯಲ್ಲಿರಲಿಲ್ಲ, ಸಿಂಹಳದ ಗಡಿಯತ್ತ ಹೋಗಿದ್ದ. ರಜಾಕ್ ಹುದ್ದೆಯನ್ನು ಹೇಳುತ್ತಾನೆ, ಹೆಸರು ಹೇಳುವುದಿಲ್ಲ. ಆದರೆ ದಕ್ಷಿಣ ಸಮುದ್ರದ ಒಡೆಯನೆಂದು ಕೆಲವೇ ವರ್ಷಗಳ ಹಿಂದೆ ಕಲ್ಲಿನಲ್ಲಿ ಬರೆಸಿಕೊಂಡ ದಣ್ಣಾಯಕ ಒಬ್ಬನಿದ್ದಾಗ, ಸಿಂಹಳದ ಕಡೆ ಹೋದ ದಣ್ಣಾಯಕ ಯಾರೆಂದು ಇತಿಹಾಸಕಾರರು ಲಕ್ಕಣ್ಣನತ್ತ ಬೆರಳು ತೋರಿದ್ದು ಸಹಜವಾಗಿಯೇ ಇದೆ. ಒಳಮನೆಯ ಪಿತೂರಿಗಾರ ಯಾವ ಹೊತ್ತನ್ನು ಆರಿಸಿಕೊಂಡ ನೋಡಿ. ದಣ್ಣಾಯಕ ಕಡಲ ಮೇಲಿರುವ ಹೊತ್ತು. ರಾಜ್ಯದ ಬೆನ್ನೆಲುಬು ಯಾರೆಂದು ವೈರಿಗೆ ಗೊತ್ತಿತ್ತು.

ಅದೇ ಕಾಲದ ಸಿಂಹಳದತ್ತ ಒಮ್ಮೆ ಕಣ್ಣು ಹಾಯಿಸಿದರೆ ಈ ದಂಡಯಾತ್ರೆ ಯಾಕೆ ಎಂಬುದೂ ತಿಳಿಯುತ್ತದೆ. ಚೀನಾದ ಜಂಗ್ ಹೆ 1405ರಿಂದ 1433ರವರೆಗೆ ಏಳು ಸಲ ದೊಡ್ಡ ಹಡಗುಪಡೆ ತಂದು ಈ ಕಡಲನ್ನು ಕಲಕಿದ. ಸಿಂಹಳದ ಗಾಲೆಯಲ್ಲಿ ಸಿಕ್ಕ, 1409ರ ತೇದಿಯ ಅವನ ಕಲ್ಲಿನ ಮೇಲೆ ಚೀನೀ, ತಮಿಳು, ಪರ್ಷಿಯನ್ ಮೂರೂ ಭಾಷೆಗಳಿವೆ. 1433ರ ಮೇಲೆ ಚೀನಾ ಹಿಂದೆ ಸರಿಯಿತು, ಕಡಲು ತೆರವಾಯಿತು. ಸಿಂಹಳದ ಕೋಟೆ ರಾಜ್ಯದ ಅರಸ ಆರನೆಯ ಪರಾಕ್ರಮಬಾಹು ಬಲಿಯುತ್ತಿದ್ದ. ದಾಲ್ಚಿನ್ನಿ ತುಂಬಿದ ತನ್ನ ಹಡಗನ್ನು ಹಿಡಿದದ್ದಕ್ಕೆ ಅವನು ತಮಿಳು ಕರಾವಳಿಯ ಮೇಲೇ ಪಡೆ ಕಳಿಸಿದ ಕಥೆಯನ್ನು ಸಿಂಹಳದ ‘ರಾಜಾವಳಿಯ’ ಎಂಬ ಚರಿತ್ರೆ ಹೇಳುತ್ತದೆ. ಮುತ್ತು, ದಾಲ್ಚಿನ್ನಿ, ಆನೆ ಓಡಾಡುವ ಈ ಇಕ್ಕಟ್ಟಿನ ನೀರಿನಲ್ಲಿ ಮುಂದೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಎದ್ದಿತ್ತು. ದೊಡ್ಡ ಶಕ್ತಿಯೊಂದು ಬಿಟ್ಟುಹೋದ ಸುಮಾರು ಹತ್ತು ವರ್ಷದೊಳಗೆ ವಿಜಯನಗರದ ದಣ್ಣಾಯಕ ಆ ನೀರಿಗಿಳಿದ. ಇದನ್ನು ನಾನು ಕಾಕತಾಳೀಯ ಎಂದುಕೊಳ್ಳುವುದಿಲ್ಲ.

ಈಗ ಪಡೆಯ ಮಾತು ಬಿಟ್ಟು ಕಚೇರಿಯ ಮಾತಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು. ರಜಾಕ್ ದಣ್ಣಾಯಕನ ಕಚೇರಿಯನ್ನು ಹತ್ತಿರದಿಂದ ನೋಡಿ ಬರೆದಿದ್ದಾನೆ. ಅರಮನೆಯ ಬಲಗಡೆ ಉದ್ದನೆಯ ಕಂಬದ ಚಾವಡಿ. ದಫ್ತರಗಳೆಲ್ಲ ಅಲ್ಲೇ, ಕರಣಿಕರು ಅಲ್ಲೇ. ನಡುವೆ ಎತ್ತರದ ಜಗಲಿಯ ಮೇಲೆ ದಣ್ಣಾಯಕ ಒಬ್ಬನೇ ಕೂತು ಜನರ ಅಹವಾಲು ಕೇಳುತ್ತಾನೆ. ಅಲ್ಲಿ ಎರಡು ಬಗೆಯ ಬರವಣಿಗೆ ನಡೆಯುತ್ತದೆ. ಒಂದು ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇನ್ನೊಂದು, ಬಿಳಿಯ ಹಾಳೆಯಂಥದ್ದನ್ನು ಕಪ್ಪು ಮಾಡಿ, ಅದರ ಮೇಲೆ ಮೆತ್ತನೆಯ ಕಲ್ಲಿನ ಕಡ್ಡಿಯಿಂದ ಬರೆಯುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ, ಬಹುಕಾಲ ಬಾಳುತ್ತದೆ. ಹೆರಾತಿನವನಿಗೆ ಇದಕ್ಕೆ ಹೆಸರು ಗೊತ್ತಿರಲಿಲ್ಲ. ನಮಗೆ ಗೊತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತ. ಬರೆಯುವ ಕಡ್ಡಿ ಬಳಪ. ಇವತ್ತು ಹೊಸಪೇಟೆಯ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸುವ ಫೈಲನ್ನೂ ನಾವು ಕಡತ ಎಂದೇ ಕರೆಯುತ್ತೇವೆ. ವಸ್ತು ಹೋಯಿತು, ಮಾತು ಉಳಿಯಿತು.

ಕೆಲಸ ಮುಗಿದ ಮೇಲೆ ದಣ್ಣಾಯಕ ಅರಸನಲ್ಲಿಗೆ ಹೋಗುವ ರೀತಿಯನ್ನೂ ರಜಾಕ್ ಬಿಡಿಸಿದ್ದಾನೆ. ಮುಂದೆ ಬಣ್ಣಬಣ್ಣದ ಛತ್ರಿಗಳು, ಕಹಳೆ, ಇಕ್ಕೆಲದಲ್ಲಿ ಹೊಗಳುಭಟರು. ಏಳು ಬಾಗಿಲು ದಾಟಬೇಕು. ಒಂದೊಂದು ಬಾಗಿಲಲ್ಲಿ ಒಂದೊಂದು ಛತ್ರಿ ಹಿಂದೆ ನಿಲ್ಲುತ್ತದೆ. ಏಳನೆಯದನ್ನು ಅವನು ಒಬ್ಬನೇ ದಾಟಿ, ಆ ದಿನದ ರಾಜ್ಯದ ಸಂಗತಿಗಳನ್ನು ಅರಸನ ಕಿವಿಗೆ ಹಾಕಿ ಬರುತ್ತಾನೆ. ಹಂಪಿಯ ರಾಜಾಂಗಣದಲ್ಲಿ ಇಂದಿಗೂ ದಣ್ಣಾಯಕನ ಆವರಣ ಎಂದು ಕರೆಯುವ ಜಾಗವಿದೆ. ಪ್ರವಾಸಿಗರು ಅತ್ತ ಹೋಗುವುದು ಕಡಿಮೆ. ಹೊಸಪೇಟೆ ಸೀಮೆಯಲ್ಲೇ ಡಣಾಯಕನಕೆರೆ ಎಂಬ ಊರಿದೆ, ಅಲ್ಲಿ ಬಸ್ಸು ಹತ್ತಿ ಇಳಿಯುವವರಿಗೆ ಆ ಹೆಸರಿನೊಳಗೆ ಒಂದು ಹುದ್ದೆ ಅಡಗಿದೆ ಎಂಬ ನೆನಪಿಲ್ಲ.

ಇಂಥ ಚಾವಡಿಯಲ್ಲಿ ದಿನಗಳೆದವನು ಬರೆದ ಗ್ರಂಥ ಹೇಗಿರುತ್ತದೆ? ‘ಶಿವತತ್ತ್ವ ಚಿಂತಾಮಣಿ’ಯನ್ನು ಸಾಹಿತ್ಯ ಚರಿತ್ರೆಗಳು ವಿಶ್ವಕೋಶದಂಥ ಕೃತಿ ಎಂದು ಹೇಳಿ ಎರಡು ಸಾಲಿನಲ್ಲಿ ಮುಗಿಸುತ್ತವೆ. ಶಿವನ ಲೀಲೆಗಳು, ಶರಣರ ಚರಿತೆಗಳು, ವೀರಶೈವರ ಆಚಾರ ವಿಚಾರಗಳು ಎಲ್ಲವನ್ನೂ ಒಂದೆಡೆ ಕೂಡಿಸಿದ ಕೃತಿ ಅದು. ಚಾಮರಸನ ‘ಪ್ರಭುಲಿಂಗಲೀಲೆ’ಯ ಕಾವ್ಯಶಕ್ತಿ ಅದರಲ್ಲಿಲ್ಲ, ಆ ಮಾತನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದನ್ನು ಓದುವಾಗ ನನಗೆ ಕಾಣುವುದು ಕಚೇರಿಯ ಶಿಸ್ತು. ಹೆಸರುಗಳನ್ನು ಬಿಡದೆ ದಾಖಲಿಸುವ ಹಟ, ಯಾವುದು ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರಿಸುವ ಗುಣ. ಕಲ್ಯಾಣದ ಕ್ರಾಂತಿ ಚದುರಿ ಆಗಲೇ ಇನ್ನೂರೈವತ್ತು ವರ್ಷ ಮೀರಿತ್ತು. ಶರಣರ ನೆನಪು ಊರೂರಲ್ಲಿ ಹರಿದು ಹಂಚಿಹೋಗಿತ್ತು. ಅದನ್ನು ಉಳಿಸಲು ಕವಿಯ ಪ್ರತಿಭೆಯಷ್ಟೇ ದಫ್ತರ ಇಡುವವನ ತಾಳ್ಮೆಯೂ ಬೇಕಿತ್ತು. ದೇವರಾಯನ ಕಾಲದ ವಿಜಯನಗರದಲ್ಲಿ ನೂರೊಂದು ವಿರಕ್ತರು ಕೂಡಿದ್ದರೆಂಬ ನೆನಪು ಸಂಪ್ರದಾಯದಲ್ಲಿದೆ. ಮಹಾಲಿಂಗದೇವ, ಕುಮಾರ ಬಂಕನಾಥರಿಗೆ ಆಸರೆಯಾದ ಜಕ್ಕಣಾರ್ಯನೂ ಅದೇ ಅರಸನ ಮಂತ್ರಿ, ಅವನೂ ‘ನೂರೊಂದು ಸ್ಥಲ’ವನ್ನು ಬರೆದವನು. ವಚನಗಳನ್ನೂ ಶರಣರ ಚರಿತೆಯನ್ನೂ ಅಂದು ಕೂಡಿಸಿಟ್ಟವರ ಸಾಲಿನಲ್ಲಿ ಅಧಿಕಾರಿಗಳು ಹೀಗೆ ಎದ್ದು ಕಾಣುತ್ತಾರೆ.

ಆ ರಾಜಧಾನಿಯ ಹವೆಯನ್ನೂ ನೆನೆಯಬೇಕು. ವೀರಶೈವನಾದ ಲಕ್ಕಣ್ಣ ಯಾರಿಗಾಗಿ ದುಡಿದನೋ ಅದೇ ದೇವರಾಯ 1426ರಲ್ಲಿ ಹಂಪಿಯ ಪಾನ್‌ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನಿಗೆ ಚೈತ್ಯಾಲಯ ಕಟ್ಟಿಸಿದ. 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಧರ್ಮಸಾಲೆ ಇಂದಿಗೂ ನಿಂತಿದೆ. ಬಹಮನಿಯರ ಬಿಲ್ಲುಗಾರರ ಮುಂದೆ ತನ್ನ ಸೈನ್ಯ ಹಿಂದೆ ಬೀಳುತ್ತಿದೆ ಎಂದು ಕಂಡಾಗ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ಅವರಿಗಾಗಿ ಸಿಂಹಾಸನದ ಮುಂದೆ ಕುರಾನ್ ಇಡಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ತನ್ನ ಕೊರತೆಯನ್ನು ಒಪ್ಪಿಕೊಂಡು ಬಲ್ಲವರಿಂದ ಕಲಿಯುವುದು ರಕ್ಷಣೆಯ ವಿಚಾರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಓದುವ ದಣ್ಣಾಯಕರಿದ್ದ ಆಸ್ಥಾನ ಅದನ್ನು ಮಾಡಿತು.

ಕತ್ತಿಯೂ ಕಂಠವೂ ಒಂದೇ ಕೈಯಲ್ಲಿರುವುದು ಕನ್ನಡಕ್ಕೆ ಹೊಸದೇನಲ್ಲ. ಗಂಗರ ದಂಡನಾಯಕ ಚಾವುಂಡರಾಯ 978ರಲ್ಲಿ ಗದ್ಯದಲ್ಲಿ ಪುರಾಣ ಬರೆದ. ಚಾಲುಕ್ಯರ ಸಂಧಿವಿಗ್ರಹಿ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ಕೊಟ್ಟ. ಯುದ್ಧ ಮತ್ತು ಸಂಧಿಯ ಕಾಗದ ನೋಡುವವನು ನರಿ ಸಿಂಹಗಳ ಕಥೆ ಹೇಳಿದ್ದರಲ್ಲಿ ಅಚ್ಚರಿಯಿಲ್ಲ, ಅವೆರಡೂ ಒಂದೇ ವಿದ್ಯೆ. ಪಶ್ಚಿಮದಲ್ಲಿ ಕಡಲಿನ ಅಧಿಕಾರಿ ವಿದ್ವಾಂಸನಾದ ಉದಾಹರಣೆ ಕೇಳಿದರೆ ಅಮೆರಿಕದ ಆಲ್ಫ್ರೆಡ್ ಮಹಾನ್ ಹೆಸರು ಹೇಳುತ್ತಾರೆ. ನೌಕಾಧಿಕಾರಿಯಾಗಿದ್ದು, ನ್ಯೂಪೋರ್ಟಿನ ನೌಕಾ ಯುದ್ಧ ಕಾಲೇಜಿನಲ್ಲಿ ಪಾಠ ಹೇಳಿ, 1890ರಲ್ಲಿ ಕಡಲ ಬಲದ ಮೇಲೆ ಅವನು ಬರೆದ ಗ್ರಂಥ ದೊಡ್ಡ ದೊಡ್ಡ ದೇಶಗಳ ಹಡಗು ಕಟ್ಟುವ ನೀತಿಯನ್ನೇ ತಿದ್ದಿತು. ಲಕ್ಕಣ್ಣ ಕಡಲಿನ ಮೇಲೆ ಗ್ರಂಥ ಬರೆಯಲಿಲ್ಲ. ಅದು ನನಗೆ ನೋವಿನ ಸಂಗತಿ. ಕಂಡ ಬಂದರು, ದಾಟಿದ ನೀರು, ಹಡಗಿನವರ ಮಾತು ಯಾವುದನ್ನೂ ಅವನು ಬರೆದಿಡಲಿಲ್ಲ. ತಾನು ಗೆದ್ದ ಕಡಲಿಗಿಂತ ತಾನು ನಂಬಿದ ಶರಣರು ದೊಡ್ಡವರೆಂದು ಅವನಿಗೆ ಅನ್ನಿಸಿತು.

ಅದರ ಬೆಲೆಯನ್ನು ಮುಂದಿನವರು ತೆತ್ತರು. ದೇವರಾಯನ ಮೇಲೆ ಬಂದವರ ಕೈಯಲ್ಲಿ ಕಡಲಿನ ಹಿಡಿತ ಸಡಿಲಿತು. 1472ರಲ್ಲಿ ಬಹಮನಿಯರ 
ಮಹಮೂದ್ ಗಾವಾನ್ ಗೋವೆಯನ್ನು ಕಿತ್ತುಕೊಂಡ. ಕುದುರೆಯ ದೊಡ್ಡ ಬಾಗಿಲು ಮುಚ್ಚಿತು. ಅನುಭವ ಒಬ್ಬನ ತಲೆಯಲ್ಲೇ ಉಳಿದರೆ ಆ ತಲೆಯ ಜೊತೆಗೇ ಹೋಗುತ್ತದೆ. ಕೃಷ್ಣದೇವರಾಯ ‘ಆಮುಕ್ತಮಾಲ್ಯದ’ದಲ್ಲಿ ಅರಸನಾದವನು ಬಂದರುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಆನೆ ಕುದುರೆ ತರುವ ದೂರದ ವರ್ತಕರನ್ನು ಆದರಿಸಿ ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆ ಸರಕು ವೈರಿಗೆ ಸೇರದಂತೆ ನೋಡಿಕೊಳ್ಳಬೇಕು ಎಂದು ವಿವರವಾಗಿ ಹೇಳಬೇಕಾಯಿತು. ಕಳೆದುಕೊಂಡ ಮೇಲೆ ಕಲಿತ ಪಾಠವದು. ಅಷ್ಟರಲ್ಲಿ ಪೋರ್ಚುಗೀಸರು ಗೋವೆಯಲ್ಲಿ ಕಾಲೂರಿಯಾಗಿತ್ತು.

ಇದೆಲ್ಲ ಹಳೆಯ ಕಥೆ ಎನ್ನುವವರಿಗೆ ನಮ್ಮ ಕಾಲದ ಒಂದು ಕಥೆ ಹೇಳುತ್ತೇನೆ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ನೀರಿನಡಿಯ ಶತ್ರುವಿನ ಸದ್ದು ಹಿಡಿಯುವ ಸೋನಾರ್ ಉಪಕರಣದ ಕೊರತೆ ಅಂದು ಎದ್ದು ಕಂಡಿತು. ಅದನ್ನು ತುಂಬಲು ಹೊರಟವರು ನೌಕಾಪಡೆಯ ಎಂಜಿನಿಯರ್ ಅಧಿಕಾರಿ ಆರೋಗ್ಯಸ್ವಾಮಿ ಪಾಲ್‌ರಾಜ್, ತಮಿಳುನಾಡಿನ ಪೊಳ್ಳಾಚಿಯವರು. ದೆಹಲಿಯ ಐಐಟಿಯಲ್ಲಿ ಸಂಶೋಧನೆ ಮಾಡಿದವರು. ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಅಪ್ಸೋ ಸೋನಾರ್ 1983ರಲ್ಲಿ ಹಡಗು ಹತ್ತಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಕಡಲಿನಿಂದ ನೂರಾರು ಮೈಲಿ ದೂರದ ಕನ್ನಡದ ಮೇಲ್ನಾಡಿನಲ್ಲಿ ಕಡಲಿನ ಕಿವಿ ತಯಾರಾಯಿತು. 1986ರಲ್ಲಿ ಬೆಂಗಳೂರಿನಲ್ಲೇ ರಕ್ಷಣಾ ಇಲಾಖೆಯ ಕೃತಕ ಬುದ್ಧಿಮತ್ತೆ ಕೇಂದ್ರವನ್ನು ಕಟ್ಟಿದ ಮೊದಲ ನಿರ್ದೇಶಕರೂ ಅವರೇ. 1991ರಲ್ಲಿ ಕಮೊಡೋರ್ ಆಗಿ ನಿವೃತ್ತರಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿದರು. ಅಲ್ಲಿ ಹಲವು ಆಂಟೆನಾಗಳಿಂದ ಒಟ್ಟಿಗೆ ಮಾಹಿತಿ ಕಳಿಸುವ ವಿದ್ಯೆಯನ್ನು ಕಂಡುಕೊಂಡರು. ಇಂದು ನಮ್ಮೆಲ್ಲರ ಮೊಬೈಲು ನಡೆಯುವುದು ಅದರ ಮೇಲೆ. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು.

ಸಮವಸ್ತ್ರದ ಒಳಗಿದ್ದಾಗ ಓದಲು ಅವಕಾಶ ಸಿಕ್ಕಿದ್ದರಿಂದ ದೇಶಕ್ಕೆ ಸೋನಾರ್ ಸಿಕ್ಕಿತು. ಓದನ್ನು ಮುಂದುವರಿಸಲು ಸಮವಸ್ತ್ರವನ್ನೂ ದೇಶವನ್ನೂ ಬಿಡಬೇಕಾಗಿ ಬಂದಾಗ ಉಳಿದದ್ದು ಬೇರೆಯವರ ಪಾಲಾಯಿತು. ಅಧಿಕಾರಿ ಬೇರೆ, ವಿದ್ವಾಂಸ ಬೇರೆ ಎಂಬ ಗೋಡೆ ಎತ್ತಿದ್ದು ನಾವು. ಲಕ್ಕಣ್ಣನ ಚಾವಡಿಯಲ್ಲಿ ಆ ಗೋಡೆ ಇರಲಿಲ್ಲ.

ಇನ್ನೊಂದು ಗೋಡೆ ಒಳನಾಡಿಗೂ ಕಡಲಿಗೂ ನಡುವಿನದು. ಸಂಡೂರಿನ ಬೆಟ್ಟದ ಅದಿರು ಲಾರಿಯೇರಿ, ರೈಲೇರಿ, ಬಂದರು ಸೇರಿ ದೇಶಾಂತರ ಹೋಯಿತು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿದ ಅದಿರು ಕಾಣೆಯಾದ ಮೇಲೆಯೇ ಸಂಡೂರಿನವರಿಗೆ ಆ ಬಂದರಿನ ಹೆಸರು ಬಾಯಿಗೆ ಬಂದದ್ದು. ನಮ್ಮ ಬೆಟ್ಟ ಕರಗಿ ಯಾವ ಕಡಲಿಗೆ ಹೋಗುತ್ತಿದೆ ಎಂದು ಬೆಟ್ಟದ ಬುಡದವರಿಗೇ ಗೊತ್ತಿರಲಿಲ್ಲ. ಕಾರವಾರದಲ್ಲಿ 2005ರಿಂದ ನೌಕಾನೆಲೆ ಇದೆ, ಅದಕ್ಕೆ ಕದಂಬರ ಹೆಸರಿದೆ. ಹೊಸಪೇಟೆಯ ಹುಡುಗ ಹುಡುಗಿಯರು ಸೈನ್ಯಕ್ಕೆ ಸೇರುತ್ತೇವೆಂದರೆ ಮನೆಯವರಿಗೆ ನೆನಪಾಗುವುದು ಭೂಸೇನೆ. ನಮ್ಮ ಊರಿನವನು ಹಡಗು ನಡೆಸಿದ್ದಾನೆ ಎಂಬ ಮಾತು ಪಾಠದಲ್ಲಿ ಬಂದಿದ್ದರೆ ಆಗುತ್ತಿದ್ದದ್ದೇ ಬೇರೆ.

ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದಾಗಲೆಲ್ಲ ನನಗೆ ಇದೆಲ್ಲ ನೆನಪಾಗುತ್ತದೆ. ಬಿದಿರಿನ ದುಂಡನೆಯ ಬುಟ್ಟಿ. 1520ರ ಸುಮಾರಿಗೆ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಕಂಡಾಗ ಅದಕ್ಕೆ ಚರ್ಮ ಹೊದಿಸಿದ್ದರು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು. ಇಂದು ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಒಂದೇ ಹುಟ್ಟಿನಿಂದ ಸೆಳವಿನ ನಡುವೆ ಅದನ್ನು ನೇರ ನಡೆಸುವುದು ಸುಲಭವಲ್ಲ. ತಿರುಗುತ್ತ ತಿರುಗುತ್ತಲೇ ಅದು ದಡ ಸೇರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಲಕ್ಕಣ್ಣನ ಶಾಸನಗಳು, ಅವನ ನಾಣ್ಯಗಳ ಚಿತ್ರ, ‘ಶಿವತತ್ತ್ವ ಚಿಂತಾಮಣಿ’ಯ ಪಠ್ಯ, ದಣ್ಣಾಯಕನ ಬಗ್ಗೆ ರಜಾಕ್ ಬರೆದ ಪುಟಗಳ ಕನ್ನಡ ಅನುವಾದ, ಇವು ನಾಲ್ಕೂ ಒಂದೇ ಹೊದಿಕೆಯೊಳಗೆ ಬರಬೇಕು. ಹಂಪಿಯ ಶಾಸನಗಳನ್ನು ಸಂಪುಟವಾಗಿ ತಂದ ಕನ್ನಡ ವಿಶ್ವವಿದ್ಯಾಲಯ ಕಮಲಾಪುರದ ಪಕ್ಕದಲ್ಲೇ ಇದೆ. ಈ ಕೆಲಸ ಅದಕ್ಕೆ ಹೊರೆಯಾಗದು. ದಣ್ಣಾಯಕನ ಆವರಣದ ಬಳಿ ಕನ್ನಡದಲ್ಲಿ ಒಂದು ಫಲಕ ನಿಲ್ಲಬೇಕು, ಅದರಲ್ಲಿ ಕಡಲಿನ ಮಾತೂ ಕಾವ್ಯದ ಮಾತೂ ಎರಡೂ ಇರಬೇಕು. ಅದು ಆಗುವ ತನಕ, ಓದುಗರೇ, ಮುಂದಿನ ಸಲ ಹಂಪಿಗೆ ಹೋದಾಗ ಕಮಲ ಮಹಲಿನಿಂದ ನೇರ ಬಸ್‌ಸ್ಟ್ಯಾಂಡಿಗೆ ತಿರುಗಬೇಡಿ. ಮಕ್ಕಳ ಕೈ ಹಿಡಿದು ದಣ್ಣಾಯಕನ ಆವರಣಕ್ಕೆ ಹೋಗಿ, ಇಲ್ಲಿಂದ ಒಬ್ಬ ಸಿಂಹಳದ ಕಡಲಿಗೆ ಹೋಗಿ ಬಂದು ಕನ್ನಡದಲ್ಲಿ ಪುಸ್ತಕ ಬರೆದ ಎಂದು ಹೇಳಿ.